ಖಾದರಣ್ಣನ ಕೈಯ ಖಾರ

ಖಾದರಣ್ಣನ ಕೈಯಲ್ಲಿ ಖಾರ ಇರಲಿಲ್ಲ. ಅವನ ನಾಯಿ ಸಾಯುವ ಹಾಗಾದದ್ದು ನಾನು ಹಾಕಿದ ಉಳ್ಳಾಗಡ್ಡಿಯಿಂದ. ನಡೆದದ್ದು ಇಷ್ಟೇ. ನಮ್ಮ ಓಣಿಯಲ್ಲಿ ಇವತ್ತಿಗೂ, ಮನೆಯಲ್ಲಿ ಕುದಿಸಿ ಹಾಕಿದ್ದಕ್ಕೇ ಆ ನಾಯಿಗೆ ಹಾಗಾಯಿತು ಎನ್ನುವವರಿದ್ದಾರೆ. ಅವರಿಗೆ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳೇ, ಮತ್ತು ನಾನು ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಖಾದರಣ್ಣ ಇಲ್ಲ.

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಅವನು ಮೆಣಸಿನಕಾಯಿ ಚೀಲ ಹೊರುವ ಹಮಾಲ. ನಾನು ಅದೇ ಮಾರ್ಕೆಟ್ಟಿನಲ್ಲಿ ಕಾಯಿಯ ತುಂಬು ಬಿಡಿಸುತ್ತಿದ್ದೆ. ತುಂಬು ಎಂದರೆ ತೊಟ್ಟು. ಅವನ ಖೋಲಿ, ನನ್ನ ಖೋಲಿ ಒಂದಕ್ಕೊಂದು ಹತ್ತಿ ಇದ್ದವು. ಹಿತ್ತಲಲ್ಲಿ ನಡುವೆ ಎದೆಮಟ್ಟದ ಗೋಡೆ. ನಲವತ್ತು ವರ್ಷ ನಾವು ಮಾತಾಡಿದ್ದೆಲ್ಲ ಆ ಗೋಡೆಯ ಮೇಲೆಯೇ.

ಖಾದರಣ್ಣ ಎಂದರೆ ನನಗೆ ಮೊದಲು ಕಾಣುವುದು ಅವನು ಕೈ ತೊಳೆಯುವ ರೀತಿ. ಮಗಳು ಶಮೀಮ್ ನಾಲ್ಕು ತಿಂಗಳ ಕೂಸಿದ್ದಾಗ ಒಂದು ದಿನ ಕೆಲಸದಿಂದ ಬಂದವನೇ ಅವಳ ಗಲ್ಲ ಸವರಿದ. ಖಾರ ಕಣ್ಣಿಗೆ ಹೋಯಿತು. ಕೂಸು ಹೊತ್ತು ಮುಳುಗುವತನಕ ಚೀರಿತು. ಅವತ್ತಿನಿಂದ ಮೂರು ಸಲ ಕೈ ತೊಳೆಯದೆ ಅವನು ಮಗಳನ್ನು ಎತ್ತಿಕೊಳ್ಳಲಿಲ್ಲ. ಮೊದಲು ಕುಸುಬಿ ಎಣ್ಣೆ ಹಚ್ಚಿ ತಿಕ್ಕಿ ತೊಳೆಯುವುದು. ಆಮೇಲೆ ಕಡಲೆ ಹಿಟ್ಟು. ಕೊನೆಗೆ ಮಜ್ಜಿಗೆ. ಹೆಂಡತಿ ತಂಬಿಗೆ ಹಿಡಿದು ನೀರು ಹಾಕುತ್ತಿದ್ದಳು. ಅಷ್ಟಾದ ಮೇಲೂ ಕೈಯನ್ನು ತನ್ನ ತುಟಿಗೆ ಹಚ್ಚಿ ನೋಡಿ, ಉರಿಯದಿದ್ದರೆ ಮಾತ್ರ ಕೂಸನ್ನು ಎತ್ತಿಕೊಳ್ಳುತ್ತಿದ್ದ. ತಾನು ಉಣ್ಣುವಾಗ ಮಾತ್ರ ಒಂದು ಸಲವೂ ಸರಿಯಾಗಿ ತೊಳೆದದ್ದನ್ನು ನಾನು ಕಾಣೆ.

ಮಗಳು ಮದುವೆಯಾಗಿ ರಾಣೇಬೆನ್ನೂರಿಗೆ ಹೋದಳು. ಅವಳ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಹೆಂಡತಿ ತೀರಿಕೊಂಡಳು. ಆ ವರ್ಷವೇ ಖಾದರಣ್ಣ ಹಮಾಲಿ ಬಿಟ್ಟ. ಕೊನೆಯ ದಿನ ಮಾರ್ಕೆಟ್ಟಿನಿಂದ ಬರುವಾಗ ಖಾಲಿ ಚೀಲಗಳ ನಡುವೆ ಬಿದ್ದಿದ್ದ ಒಂದು ನಾಯಿಮರಿ ಹಿಡಿದುಕೊಂಡು ಬಂದ. ಎಲುಬು ಚರ್ಮ ಬಿಟ್ಟರೆ ಏನೂ ಇರಲಿಲ್ಲ. ಬ್ಯಾಡಗಿ ಕಾಯಿಯಲ್ಲಿ ಉದ್ದಕ್ಕೆ ಸಣಕಲಾಗಿರುವುದಕ್ಕೆ ಕಡ್ಡಿ ಎನ್ನುತ್ತಾರೆ, ಗುಂಡಗೆ ದಪ್ಪಗಿರುವುದಕ್ಕೆ ಡಬ್ಬಿ ಎನ್ನುತ್ತಾರೆ. ನಾಯಿಗೆ ಕಡ್ಡಿ ಎಂದು ಹೆಸರಿಟ್ಟ. ವರ್ಷದೊಳಗೆ ಅದು ಡಬ್ಬಿಯ ಹಾಗೆ ಆಯಿತು. ಹೆಸರು ಮಾತ್ರ ಕಡ್ಡಿಯೇ ಉಳಿಯಿತು.

ನಮಾಜು ಮಾಡುವವನ ಹಿತ್ತಲಲ್ಲಿ ನಾಯಿ ಏಕೆ ಎಂದು ಅವನ ಮಂದಿ ಒಂದಿಬ್ಬರು ಕೇಳಿದರು. "ಮನಿಯೊಳಗ ಬಿಟ್ಟಿಲ್ಲ, ಉಪಾಸಾನೂ ಬಿಟ್ಟಿಲ್ಲ. ಅಷ್ಟ" ಎಂದ. ಅದರ ಬೋಗುಣಿ ಬೇರೆ, ಒಲೆ ಬೇರೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿದ್ದ. ಜೋಳದ ನುಚ್ಚು, ಕೋಳಿಯ ಕಾಲು, ಕುತ್ತಿಗೆ, ಒಂದು ಹೋಳು ಕುಂಬಳಕಾಯಿ ಹಾಕಿ ಕುದಿಸುತ್ತಿದ್ದ. ಆರಿದ ಮೇಲೆ ಕೈ ಮೂರು ಸಲ ತೊಳೆದು, ಬೋಗುಣಿಯಲ್ಲಿ ಬೆರಳಾಡಿಸಿ ಒಂದೊಂದೇ ಎಲುಬು ಹುಡುಕಿ ತೆಗೆಯುತ್ತಿದ್ದ. ಬೆಂದ ಎಲುಬು ಸೂಜಿಯ ಹಾಗೆ ಸೀಳುತ್ತದೆಯಂತೆ, ನಾಯಿಯ ಕರುಳಿಗೆ ಚುಚ್ಚುತ್ತದೆಯಂತೆ. ಚಮಚಕ್ಕೆ ಸಿಗುವುದಿಲ್ಲ, ಬೆರಳಿಗೇ ಸಿಗಬೇಕು.

ನಾನು ಗೋಡೆಗೆ ಬಂದು ನಿಲ್ಲುತ್ತಿದ್ದೆ. "ಏನೋ ಖಾದರಣ್ಣ, ಮದವಿ ಅಡಗಿ ನಡಸೀಯಲ್ಲ!"

"ಮದವಿ ಅಡಗಿಗೆ ಉಪ್ಪ ಹಾಕ್ತಾರ ಗಂಗವ್ವ. ಇದಕ ಉಪ್ಪಿಲ್ಲ, ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ದನದ ಡಾಕ್ಟರ್ ಬ್ಯಾಡ ಅಂದಾರ."

"ಅಂದ್ರ ಜಡ್ಡಿನವರ ಗಂಜಿ."

"ತಿನ್ನೂದು ಕಡ್ಡಿ. ಅದ ಸುಮ್ಮನ ಐತಿ. ನಿನಗ್ಯಾಕ ಹೊಟ್ಟಿ ತೊಳಸಬೇಕು?"

ಒಮ್ಮೆ ಶಮೀಮ್ ಬಂದಾಗ ನಾಯಿಗೆಂದೇ ಮಾಡಿದ ಆಹಾರದ ಪಾಕೀಟು ತಂದಳು. ಖಾದರಣ್ಣ ಅದರಿಂದ ಒಂದು ಗುಳಿಗೆ ತೆಗೆದು, ವ್ಯಾಪಾರಿಗಳು ಮೆಣಸಿನಕಾಯಿ ನೋಡುವ ಹಾಗೆಯೇ ಮುರಿದ, ಅಂಗೈಗೆ ತಿಕ್ಕಿದ, ಬಿಸಿಲಿಗೆ ಹಿಡಿದ. "ಬಣ್ಣ ಹಾಕ್ಯಾರ" ಎಂದ.

"ಅಬ್ಬಾ, ಅದರಾಗ ಎಲ್ಲಾ ಅಳತಿ ಪ್ರಕಾರ ಇರತೈತಿ. ನೀ ಹಾಕೂದು ಬರೇ ಅಂದಾಜಿನ ಮ್ಯಾಗ" ಎಂದಳು ಅವಳು.

"ಅಂದಾಜಿನ ಮ್ಯಾಗನ ನಿನ್ನ ಬೆಳಸೇನಿ" ಎಂದ. ಆದರೆ ಪಾಕೀಟನ್ನು ಎಸೆಯಲಿಲ್ಲ. ಅಟ್ಟದ ಮೇಲೆ ಇಟ್ಟ.

ಅವಳು ಹೇಳಿದ್ದು ಸುಳ್ಳಲ್ಲ. ಡಾಕ್ಟರೂ ಅದನ್ನೇ ಹೇಳಿದ್ದರು. ನುಚ್ಚು ಕೋಳಿ ಒಳ್ಳೆಯದೇ, ಆದರೆ ಬರೀ ಅದರಿಂದ ಎಲುಬು ಗಟ್ಟಿಯಾಗುವುದಿಲ್ಲ ಎಂದಿದ್ದರು. ಅದಕ್ಕೆ ಇವನು ತತ್ತಿಯ ಸಿಪ್ಪೆ ಒಣಗಿಸಿ ಕುಟ್ಟಿ ಹಾಕುತ್ತಿದ್ದ. ಎಷ್ಟು ಹಾಕಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಮನೆಯದನ್ನು ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಖಾಲಿ ಮಾಡದಿದ್ದರೆ ಹಳಸುತ್ತದೆ. ದಿನಾ ಕೋಳಿ ಅಂಗಡಿಗೆ ಹೋಗಬೇಕು, ಕಟ್ಟಿಗೆ ಒಟ್ಟಬೇಕು, ಒಂದು ದಿನವೂ ಊರು ಬಿಡುವ ಹಾಗಿಲ್ಲ. ಪಾಕೀಟಿಗೆ ಇದ್ಯಾವ ತಾಪತ್ರಯವೂ ಇಲ್ಲ. ಮನೆಯದರಲ್ಲಿ ಏನು ಹಾಕಿದ್ದೇವೆಂದು ನಮಗೆ ಗೊತ್ತಿರುತ್ತದೆ, ಅದೊಂದು ದೊಡ್ಡ ಗುಣ ಎಂದು ಎಲ್ಲರೂ ಹೇಳುತ್ತಾರೆ. ಖರೆ. ಹಾಕಿದವಳಿಗೆ ಗೊತ್ತಿರುತ್ತದೆ.

ಖಾದರಣ್ಣನಿಗೆ ಕಣ್ಣಿನ ಆಪರೇಷನ್ ಆಯಿತು. ಎಂಟು ದಿನ ಮಗಳ ಮನೆಯಲ್ಲಿ ಇರಬೇಕಾಯಿತು. ನಾಯಿಯನ್ನು ನನಗೆ ಒಪ್ಪಿಸಿದ. ಏನು ಹಾಕಬೇಕು, ಏನು ಹಾಕಬಾರದು ಎಂದು ಮೂರು ಸಲ ಹೇಳಿದ. ಮೊದಲ ದಿನ ಹೇಳಿದ ಹಾಗೆಯೇ ಮಾಡಿದೆ. ಕಡ್ಡಿ ತಿಂದಿತು. ನನಗೇ ನೋಡಲಾಗಲಿಲ್ಲ. ಉಪ್ಪಿಲ್ಲದ, ಒಗ್ಗರಣೆ ಇಲ್ಲದ ಕೂಳನ್ನು ನಾನು ಯಾರಿಗೂ ಬಡಿಸಿದವಳಲ್ಲ. ಎರಡನೆಯ ದಿನ ಎರಡು ಉಳ್ಳಾಗಡ್ಡಿ ಹುರಿದೆ, ಬಳ್ಳೊಳ್ಳಿ ಜಜ್ಜಿದೆ, ನುಚ್ಚಿಗೆ ಕಲಸಿದೆ. ನಾಯಿ ತಾಟನ್ನು ನೆಕ್ಕುತ್ತ ನೆಕ್ಕುತ್ತ ಗೋಡೆಯವರೆಗೂ ತಳ್ಳಿಕೊಂಡು ಹೋಯಿತು. ಗೆದ್ದೆ ಅನ್ನಿಸಿತು. ಏಳು ದಿನ ಹಾಗೆಯೇ ಹಾಕಿದೆ. ಖಾದರಣ್ಣ ಬಂದ ಮೇಲೆ, ನಿನ್ನ ನಾಯಿ ನನ್ನ ಕೈರುಚಿ ಕಂಡಿತು ನೋಡು ಎಂದು ಹಂಗಿಸಬೇಕೆಂದು ಮಾತನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಅವನು ಕರಿ ಚಷ್ಮಾ ಹಾಕಿಕೊಂಡು ಬಂದ. ಹೊಗೆಯ ಹತ್ತಿರ ಹೋಗಬಾರದು ಎಂದಿದ್ದರೂ ಬಂದ ದಿನವೇ ಒಲೆ ಹೊತ್ತಿಸಿದ. ಎರಡು ದಿನ ತನ್ನ ಕೈಯಿಂದಲೇ ಮಾಡಿ ಹಾಕಿದ. ಮೂರನೆಯ ದಿನ ಕಡ್ಡಿ ಮೇಲೆ ಏಳಲಿಲ್ಲ. ವಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಉಚ್ಚೆ ಕೆಂಪಗೆ ಹೋಗುತ್ತಿತ್ತು. ಗಾಡಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಓಡಿದೆವು.

ಡಾಕ್ಟರ್ ಮೊದಲು ಕೇಳಿದ್ದೇ ಅದು. "ಉಳ್ಳಾಗಡ್ಡಿ, ಬಳ್ಳೊಳ್ಳಿ ಏನರ ಹಾಕಿದ್ರೇನು?"

"ತೋಬಾ ತೋಬಾ! ಐದ ವರ್ಷ ಆತ್ರಿ ಸಾಹೇಬ್ರ, ಒಂದ ಎಸಳು ಹಾಕಿಲ್ಲ" ಎಂದ ಖಾದರಣ್ಣ.

ಅವನು ತನ್ನ ಮಾತು ಹೇಳಿದ. ಹಿಂದೆ ಹಗ್ಗ ಹಿಡಿದು ನಿಂತವಳನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಾಗಾದರೆ ಉಣ್ಣೆ ಕಚ್ಚಿ ಬಂದ ಜ್ವರ ಇರಬೇಕು ಎಂದು ಡಾಕ್ಟರ್ ಸಲೈನ್ ಹಚ್ಚಿದರು, ಸೂಜಿ ಮಾಡಿದರು. ಹದಿನೈದು ದಿನಕ್ಕೆ ನಾಯಿ ಎದ್ದಿತು.

ಆ ಮೊದಲ ದಿನ ದವಾಖಾನೆಯಿಂದ ಬರುವ ದಾರಿಯಲ್ಲಿ ಖಾದರಣ್ಣ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ಕೂತಿದ್ದ. "ಗಂಗವ್ವ, ಅದರ ಉಚ್ಚಿ ನೋಡಿದೇನು? ಮೆಣಸಿನಕಾಯಿ ತೊಳದ ನೀರ ಹಂಗ ಇತ್ತು."

ನಾನು ಕಡ್ಡಿಯ ಹಗ್ಗವನ್ನು ಕೈಗೆ ಸುತ್ತಿಕೊಂಡೆ.

"ಕಣ್ಣ ಮಂಜ ಇತ್ತು. ಕೈ ಸರಿ ತೊಳದಿಲ್ಲ ನಾ. ಇದು ನನ್ನ ಕೈಯಾಗಿನ ಖಾರ."

"ಹಮಾಲಿ ಬಿಟ್ಟ ಎಷ್ಟ ವರ್ಷ ಆತೋ, ಇನ್ನೆಲ್ಲಿ ಖಾರ?"

"ಎಲುಬಿಗೆ ಇಳದದ್ದು ಎಣ್ಣಿ ಹಚ್ಚಿದ್ರ ಹೋಗತೈತೇನು?"

ಅಲ್ಲಿ ಹೇಳಬೇಕಿತ್ತು. ಓಣಿಯಲ್ಲಿ ನನಗೆ ಬಾಯಿಬಡಕಿ ಎನ್ನುತ್ತಾರೆ. ಮದುವೆಯ ಮನೆಯಲ್ಲಿ ಹೋಳಿಗೆ ಹಳಸಿದರೆ ಹಳಸಿದೆ ಎಂದು ಎಲ್ಲರ ಮುಂದೆ ಹೇಳುವವಳು. ಅವತ್ತು ನಾಲಗೆ ಏಳಲಿಲ್ಲ. ಆ ದಿನವೇ ಹೇಳಿದ್ದರೆ ತಪ್ಪು ಒಂದಾಗುತ್ತಿತ್ತು. ಮರುದಿನಕ್ಕೆ ಎರಡಾಯಿತು. ಆಮೇಲೆ ನಾನು ಎಣಿಸುವುದನ್ನೂ ಬಿಟ್ಟೆ.

ಖಾದರಣ್ಣ ಬೋಗುಣಿಯನ್ನು ಬೋರಲು ಹಾಕಿದ. ಅಟ್ಟದ ಮೇಲಿದ್ದ ಪಾಕೀಟು ಕೆಳಗೆ ಬಂತು. ಅದನ್ನು ಕೂಡ ಬೆರಳು ತಾಗದ ಹಾಗೆ ಪಾಕೀಟಿನಿಂದಲೇ ತಾಟಿಗೆ ಸುರುವುತ್ತಿದ್ದ. ನಾಯಿಗೆ ಏನೂ ಕಡಿಮೆಯಾಗಲಿಲ್ಲ. ಕೂದಲು ಮಿರಮಿರ ಮಿಂಚುತ್ತಿತ್ತು. ಆದರೆ ಅದು ಅವನ ಕೈಗೆ ತಲೆ ಒಡ್ಡಲು ಬಂದರೆ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ, ಪೊಲೀಸರು ಹಿಡಿದವರ ಹಾಗೆ. ಮೊದಲ ಸಲ ನೋಡಿ ನಾನು ನಕ್ಕೆ. ಕಡ್ಡಿ ಸ್ವಲ್ಪ ಹೊತ್ತು ತಲೆ ಒಡ್ಡಿಕೊಂಡೇ ನಿಂತು, ಆಮೇಲೆ ಹೋಗಿ ಮಲಗುತ್ತಿತ್ತು. ಎರಡನೆಯ ಸಲದಿಂದ ನಾನು ನಗಲಿಲ್ಲ.

ಕೋಳಿ ಅಂಗಡಿಯವನು ಒಂದು ದಿನ ನನ್ನನ್ನು ತಡೆದು, "ಖಾದರಚಾಚಾ ಅದಾನೋ ಹೋದ್ನೋ?" ಎಂದು ಕೇಳಿದ. ಇದ್ದ. ಇದ್ದದ್ದು ಗೊತ್ತಾಗದ ಹಾಗೆ ಇದ್ದ. ಗೋಡೆಯ ಆಚೆ ಹೊಗೆ ಇಲ್ಲ, ಎಣ್ಣೆ ಹಿಟ್ಟು ಮಜ್ಜಿಗೆಯ ಸಂಭ್ರಮ ಇಲ್ಲ. ನಾನು ಗೋಡೆಗೆ ಬಂದು ನಿಂತರೂ ಬೈಯಲು ಏನೂ ಸಿಗುತ್ತಿರಲಿಲ್ಲ. ನನ್ನ ಮನೆಯಲ್ಲೂ ಮಾತಾಡಲು ಬೇರೆ ಯಾರೂ ಇರಲಿಲ್ಲ. ಮಧ್ಯಾಹ್ನ ಇಬ್ಬರೂ ನಮ್ಮ ನಮ್ಮ ಹಿತ್ತಲಲ್ಲಿ ಕೂತಿರುತ್ತಿದ್ದೆವು. ಅವನು ಕೆಮ್ಮಿದ್ದು ನನಗೆ ಕೇಳುತ್ತಿತ್ತು.

ವರ್ಷ ತುಂಬುವಾಗ ಕೆಮ್ಮು ಜೋರಾಯಿತು. ಶಮೀಮ್ ಬಂದು ಕರೆದುಕೊಂಡು ಹೊರಟಳು. ಅವಳ ಅತ್ತೆಯ ಮನೆಯಲ್ಲಿ ನಾಯಿ ಇಡುವ ಹಾಗಿರಲಿಲ್ಲ. ಖಾದರಣ್ಣ ಗಾಡಿ ಹತ್ತುವಾಗ ಕಡ್ಡಿ ಮುಂಗಾಲೆತ್ತಿ ಅವನ ಮೊಣಕಾಲಿಗೆ ಹತ್ತಿತು. ಅವನು ಕೈ ಮೇಲೆತ್ತಿದ. ನನಗೆ ಹೇಳಿದ್ದು ಇಷ್ಟು: "ಪಾಕೀಟಷ್ಟ ಹಾಕು ಗಂಗವ್ವ. ನೀನೂ ತುಂಬು ಬಿಡಿಸಿದಾಕಿ. ನಿನ್ನ ಕೈಯಾಗೂ ಇರತೈತಿ."

ತಿಂಗಳಾದ ಮೇಲೆ ಶಮೀಮ್ ಫೋನ್ ಮಾಡಿದಳು. "ಮಾವಶಿ, ಅಬ್ಬಾಗ ಏನಾಗೇತಿ ನಿನಗೇನರ ಗೊತ್ತೈತೇನು? ಕೈಲೆ ಉಣ್ಣಂಗಿಲ್ಲ, ಚಮಚಾ ಬೇಡ್ತಾರ. ನನ್ನ ಮೊಮ್ಮಗಳು ಹುಟ್ಟಿ ಹದಿನೈದ ದಿನ ಆತು, ಮಡಲಾಗ ಹಾಕಾಕ ಹೋದ್ರ ಕೈ ಎತ್ತತಾರ."

ಅವತ್ತೇ ಬಸ್ ಹತ್ತಿದೆ. ಖಾದರಣ್ಣ ಕಂಬಳಿ ಹೊದ್ದು ಮಲಗಿದ್ದ. ಶಮೀಮಳಿಗೆ ಚಹಾ ಮಾಡಲು ಹೇಳಿ ಅವನ ಹತ್ತಿರ ಕೂತೆ. "ಬೈಯಿ, ಬಡಿ, ಆದ್ರ ಪೂರಾ ಕೇಳು" ಎಂದು ಎಲ್ಲವನ್ನೂ ಹೇಳಿದೆ. ಸುತ್ತು ಬಳಸಲಿಲ್ಲ.

"ಎಷ್ಟ ಹಾಕಿದಿ?" ಎಂದ.

"ದಿನಾ ಎರಡ ಗಡ್ಡಿ. ಬಳ್ಳೊಳ್ಳಿ ಬ್ಯಾರೆ."

"ಎಷ್ಟ ದಿನ?"

"ಏಳು."

ಅವನು ಎರಡೂ ಕೈಗಳನ್ನು ಕಂಬಳಿಯಿಂದ ಹೊರಗೆ ತೆಗೆದು ನೋಡಿದ. "ಒಂದ ವರ್ಷ ಮುಟ್ಟಲಿಲ್ಲಲ್ಲವಾ ನಾ ಅದನ್ನ" ಎಂದ. ಆಮೇಲೆ ಗೋಡೆಯ ಕಡೆ ಹೊರಳಿದ. "ಹೋಗು."

ಚಹಾ ಕುಡಿಯದೆ ಬ್ಯಾಡಗಿಗೆ ವಾಪಸು ಬಂದೆ.

ಮರುದಿನ ನಸುಕಿನಲ್ಲಿ ಬೋಗುಣಿ ಮಗುಚಿ ತೊಳೆದೆ. ಮೂರು ಕಲ್ಲಿನ ಮೇಲೆ ನುಚ್ಚು, ಕೋಳಿಯ ಕಾಲು, ಕುತ್ತಿಗೆ, ಕುಂಬಳಕಾಯಿ ಕುದಿಸಿದೆ. ಎಲುಬು ಮಾತ್ರ ಆರಿಸಲಿಲ್ಲ. ಡಬ್ಬಿಗೆ ತುಂಬಿ, ಕಡ್ಡಿಯ ಕೊರಳಿಗೆ ಹಗ್ಗ ಹಾಕಿ, ರಾಣೇಬೆನ್ನೂರಿಗೆ ಹೊರಟ ಸಾಮಾನಿನ ಗಾಡಿಯೊಂದನ್ನು ನಿಲ್ಲಿಸಿದೆ.

"ನಾಯಿ ಕುಂತ್ರ ಗಾಡಿ ಹೊಲಸಾಗತೈತಬೇ ಅಜ್ಜಿ" ಎಂದ ಗಾಡಿಯವನು.

"ನಿನ್ನ ಗಾಡಿಕಿಂತ ಅದ ಸ್ವಚ್ಛ ಐತಿ. ನಡಿ."

ಖಾದರಣ್ಣ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ಕಡ್ಡಿ ಹಗ್ಗ ಕಿತ್ತುಕೊಂಡು ಓಡಿತು. ಅವನ ಕೈಗಳು ತಾವಾಗಿಯೇ ಮೇಲೆದ್ದವು. ನಾನು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟೆ.

"ಎಲುಬು ಆರಿಸಿಲ್ಲ. ನನಗ ಸಿಗಂಗಿಲ್ಲ ಅವು. ನೀನ ಆರಿಸು."

ಅವನು ಡಬ್ಬಿಯೊಳಗೆ ನೋಡಿದ. "ಉಳ್ಳಾಗಡ್ಡಿ?"

"ಇಲ್ಲ."

"ಉಪ್ಪು?"

"ಇಲ್ಲೋ."

ಎತ್ತಿದ ಕೈ ಇಳಿಸಿದ. ಆಮೇಲೆ ಒಳಗೆ ಕೂಗಿದ. "ಶಮೀಮ್, ಎಣ್ಣಿ ತಾ. ಕಡ್ಲಿ ಹಿಟ್ಟು, ಮಜ್ಜಿಗಿ ತಾ."

"ತೊಳಿಯೂದ ಬ್ಯಾಡೋ. ನಿನ್ನೆ ಅಷ್ಟ ಹೇಳೀನಿ, ನಿನ್ನ ಕೈಯಾಗ ಏನೂ ಇಲ್ಲ."

"ನಿನ್ನ ನಂಬಿನ ಇಷ್ಟೆಲ್ಲಾ ಆತು" ಎಂದು ಖಾದರಣ್ಣ ಎರಡೂ ಕೈ ಮುಂದೆ ಚಾಚಿದ.

ಮೂರು ಸಲ ತೊಳೆದ. ನಾನು ನೀರು ಹಾಕಿದೆ.