ಹೊಟ್ಟೆಯೊಳಗಿನ ದರ್ಜಿ

ನನ್ನ ಮದುವೆಯ ಕೋಟು ವರ್ಷ ವರ್ಷವೂ ಕುಗ್ಗುತ್ತಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಹುಮನಾಬಾದಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನೇ ಹೀಗೆಂದರೆ ಯಾರು ತಾನೇ ಅಲ್ಲವೆಂದಾರು? ಹೆಂಡತಿ ಅಲ್ಲವೆಂದಳು. ಅದು ಬಸವಕಲ್ಯಾಣದ ನನ್ನ ಮಾವನವರು ಬಟ್ಟೆ ಆರಿಸಿ ಹೊಲಿಸಿಕೊಟ್ಟ ಕೋಟು. ಅವರು ಈಗಿಲ್ಲ. "ನನ್ನ ತಂಗಿ ಮಗಳ ಮದಿವಿಗೆ ಅದನ್ನೇ ಹಾಕೊಂಡು ಬರ್ರಿ. ಅಪ್ಪ ಬಂದಂಗ ಆಗ್ತದ" ಎಂದಳು. ಇದಕ್ಕೆ ಎದುರಾಡುವುದು ಹೇಗೆ?

ಬಸ್ಸು ಹತ್ತಿ ಬಸವಕಲ್ಯಾಣಕ್ಕೆ, ಕೋಟು ಹೊಲಿದ ರಶೀದಭಾಯಿಯ ಅಂಗಡಿಗೇ ಹೋದೆ. ಹಿಂದೆಲ್ಲ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆ ಬಿಟ್ಟು ನನ್ನ ಮಾನ ಕಾಯ್ದವರು ಅವರೇ. ಈ ಸಲ ತಲೆಯಾಡಿಸಿದರು. "ಬಿಡಾಕ ಬಟ್ಟಿ ಉಳದಿಲ್ರಿ ಮಾಸ್ತರ ಸಾಬ. ಇನ್ ನಿಮ್ ಹೊಟ್ಟಿನೇ ಒಳಗ ಹೋಗ್ಬೇಕ್ರಿ."

ಮರಳುವಾಗ ಬಸ್ಸಿನಲ್ಲಿ ನನ್ನದೇ ಪಾಠ ನೆನಪಾಯಿತು. ಕೊಬ್ಬಿನ ಕೋಶಗಳು ಪ್ರೋಟೀನಿನ ಬಲೆಯೊಳಗೆ ಕೂತಿರುತ್ತವೆ. ಅವು ಉಬ್ಬತೊಡಗಿದರೆ, ಪ್ರೋಟೀನು ಕತ್ತರಿಸುವ ಕೆಲವು ಕಿಣ್ವಗಳು ಬಂದು ಬಲೆಯ ಎಳೆ ಬಿಚ್ಚಿ ಜಾಗ ಮಾಡಿಕೊಡುತ್ತವೆ. ಅಯ್ಯೋ, ನನ್ನ ಹೊಟ್ಟೆಯೊಳಗೂ ಒಬ್ಬ ದರ್ಜಿ ಕೂತಿದ್ದಾನೆ! ತಪ್ಪೆಲ್ಲ ಕಿಣ್ವದ್ದೇ ಎಂದು ಮನೆಗೆ ಬಂದು ಸಾರಿದೆ.

ಹೆಂಡತಿಗೆ 'ಪ್ರೋಟೀನು ಕತ್ತರಿಸುವುದು' ಎಂಬುದಷ್ಟೇ ಕಿವಿಗೆ ಬಿತ್ತು. ನಮ್ಮ ಕಡೆ ಮಟನ್ ಮೆತ್ತಗಾಗಲೆಂದು ಹಸಿ ಪಪ್ಪಾಯಿ ಅರೆದು ಹಚ್ಚುತ್ತಾರೆ. ಅದರ ಗುಟ್ಟೂ ಇಂಥದೇ ಕಿಣ್ವವೆಂದು ಹಿಂದೊಮ್ಮೆ ಕೊಚ್ಚಿಕೊಂಡವನು ನಾನೇ. ಮರುದಿನ ತಟ್ಟೆಯಲ್ಲಿ ಹಸಿ ಪಪ್ಪಾಯಿ.

"ಮಟನ್ ಕರಗಸ್ತದ, ನಿಮ್ ಹೊಟ್ಟಿ ಕರಗಸಂಗಿಲ್ಲೇನ್ರಿ?"

ಕೊಬ್ಬು ಪ್ರೋಟೀನಲ್ಲವೆಂದೆ. ನನಗೆ ಬೇಕಾದದ್ದು ಇನ್ನೊಂದು ಕತ್ತರಿಯಲ್ಲ, ಇರುವ ಕತ್ತರಿಗೆ ರಜೆ ಎಂದೆ.

"ಹಂಗಂದ್ರ ರಜಾ ಕೊಡ್ರಲ್ಲ! ನನಗ್ಯಾಕ ಹೇಳಾಕತ್ತೀರಿ?"

ಬಾಯಿ ಮುಚ್ಚಿಕೊಂಡೆ. ಅದನ್ನು ಊಟದಲ್ಲೂ ಪಾಲಿಸಿದೆ. ತುಂಬಲು ಮಾಲೇ ಇಲ್ಲದಿದ್ದರೆ ದರ್ಜಿ ಸುಮ್ಮನೆ ಯಾಕೆ ಬಿಚ್ಚುತ್ತಾನೆ? ಸಂಜೆಯ ಭಜಿ ಬಿಟ್ಟೆ, ರೈಲು ಇಲ್ಲದಾಗಲೂ ಸ್ಟೇಷನ್ನಿನ ತನಕ ನಡೆದೆ. ತಿಂಗಳುಗಟ್ಟಲೆ ನಡೆದೆ.

ಮದುವೆಯ ದಿನ ಹೆಂಡತಿಯೇ ಗುಂಡಿ ಹಾಕತೊಡಗಿದಳು. ಕೊನೆಯದು, ಹೊಟ್ಟೆಯ ಮೇಲಿನದು, ತಕರಾರಿಲ್ಲದೆ ಒಳಗೆ ಹೋಯಿತು. ಗೆದ್ದೆ! ಅವಳು ಕಾಲರು ಸವರಿ "ಅಪ್ಪ ನೋಡ್ಬೇಕಿತ್ತು" ಎಂದು ಕಣ್ಣೊರೆಸಿಕೊಂಡಳು. ಮಂಟಪದ ತುಂಬ ಎದೆಯುಬ್ಬಿಸಿ ಓಡಾಡಿದೆ. ಉಬ್ಬಿಸಲು ಎದೆಯೂ ಇದೆಯೆಂದು ಆವತ್ತೇ ಗೊತ್ತಾಯಿತು.

ಮದುವೆಗೆ ಬಂದಿದ್ದ ರಶೀದಭಾಯಿ ಕೋಟಿನ ಪಕ್ಕ ಚಿವುಟಿ ನೋಡಿ ಹಿಗ್ಗಿದರು. "ಸಡ್ಲಾಗ್ಯದ್ರಿ ಸಾಬ! ಹೊಲಿಗಿ ಒಳಗ ಹಿಡೀಲೇನ್ರಿ?"

ನಾನು ಹೂಂ ಅನ್ನುವಷ್ಟರಲ್ಲಿ ಹೆಂಡತಿ ನಡುವೆ ಬಂದಳು.

"ಬ್ಯಾಡ್ರಿ ಭಾಯಿ. ಇವರ್ದು ಇನ್ನ ಊಟ ಆಗಿಲ್ಲ."