ಮುನಿಶಾಮಪ್ಪನ ಗರಗಸಕ್ಕೆ ಹನ್ನೆರಡು ಸೀಸೆ

ಹುಣಸಮಾರನಹಳ್ಳಿಯ ಕಲ್ಲುಕುಟಿಗ ಮುನಿಶಾಮಪ್ಪ ಉಳಿ ಹಿಡಿದದ್ದು ಒಂಬತ್ತನೇ ವಯಸ್ಸಿಗೆ, ಕೆಮ್ಮು ಅವನನ್ನು ಹಿಡಿದದ್ದು ಮೂವತ್ತಕ್ಕೆ. ಕಲ್ಲಿನ ಧೂಳು ಎದೆಯಲ್ಲಿ ಕೂತು, ಎರಡು ತುತ್ತು ಮುದ್ದೆ ನುಂಗುವಷ್ಟರಲ್ಲಿ ನಾಲ್ಕು ಸಲ ಕೆಮ್ಮುವಂತಾಗಿತ್ತು. ಹಾಗಾಗಿ ೧೯೬೧ರಲ್ಲಿ ಜಯಸಿಂಹ ಎಂಬ ಎಳೆ ಪ್ರಾಯದ ಇಂಜಿನಿಯರ್ ಯಲಹಂಕ ಸ್ಟೇಷನ್ ಹತ್ತಿರ ಶೆಡ್ ಹಾಕಿ, ಮದ್ರಾಸಿನಿಂದ ಕಲ್ಲು ಕೊಯ್ಯುವ ಗರಗಸ ತರಿಸಿ, ಇವನನ್ನು ಅದಕ್ಕೆ ಹಚ್ಚಿದಾಗ ಹೆಂಡತಿ ಸೊಣ್ಣಮ್ಮ ಮುನೇಶ್ವರನಿಗೆ ಕಾಯಿ ಒಡೆಸಿದಳು. ದುಂಡನೆಯ ತಟ್ಟೆ, ಅಂಚಿಗೆ ವಜ್ರದ ಪುಡಿ, ಕೆಳಗೆ ಎಣ್ಣೆಯ ತೊಟ್ಟಿ. ತಟ್ಟೆ ಎಣ್ಣೆಯಲ್ಲಿ ಅದ್ದಿಕೊಂಡು ತಿರುಗಿದರೆ ಧೂಳು ಏಳುವುದೇ ಇಲ್ಲ.

ಆದರೆ ಎಂಥ ಎಣ್ಣೆ?

"ತೆಳ್ಳಗಿರ್ಬೇಕು, ಅಂಟಬಾರ್ದು, ಬೇಗ ಹೊತ್ಕೋಬಾರ್ದು ಅಂತ ಕಾಗದದಲ್ಲಿ ಬರ್ದಿದೆ," ಎಂದ ಜಯಸಿಂಹ. "ಎಣ್ಣೆ ನೀನೇ ಆರಿಸು. ಸೋಮವಾರ ಮಷಿನ್ ಕೊಟ್ಟೋರು ಬರ್ತಾರೆ. ಅಷ್ಟರಲ್ಲಿ ಒಂದು ಕಲ್ಲಾದ್ರೂ ಕೊಯ್ದಿಲ್ಲ ಅಂದ್ರೆ ವಾಪಸ್ ಕಳಿಸ್ಬಿಡ್ತೀನಿ."

ವಾಪಸ್ ಎಂದರೆ ಮತ್ತೆ ಉಳಿ, ಮತ್ತೆ ಧೂಳು.

ಎಣ್ಣೆಯ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಮುನಿಶಾಮಪ್ಪ ನಂಬಿದ್ದ. ಅದಕ್ಕೆ ಆಧಾರವೇನೆಂದು ದಯವಿಟ್ಟು ಕೇಳಬೇಡಿ. ಬುಧವಾರ ಅವನು ಹೊಯ್ದದ್ದು ಹರಳೆಣ್ಣೆ. ಕಾದ ತಲೆಗೆ ಹರಳೆಣ್ಣೆ ತಂಪು, ಹಾಗಾದರೆ ಕಾದ ಗರಗಸಕ್ಕೂ ತಂಪು ಎಂಬುದು ಅವನ ಲೆಕ್ಕಾಚಾರ. ಎಣ್ಣೆಯೂ ಕಲ್ಲಿನ ಪುಡಿಯೂ ಸೇರಿ ಹಿಟ್ಟಾಗಿ, ತಟ್ಟೆ ಗಕ್ಕನೆ ನಿಂತಿತು. ಗುರುವಾರ ಹೊಂಗೆ ಎಣ್ಣೆ. ಅದರ ಹೊಗೆಗೆ ಜಯಸಿಂಹ ಶೆಡ್ ಬಿಟ್ಟು ಓಡಿಹೋಗಿ ಹುಣಸೆಮರದ ಕೆಳಗೆ ಕೂತ. ಶುಕ್ರವಾರ ಸೀಮೆಎಣ್ಣೆ ಸುರಿದವನು, ಯೋಚನೆ ಮಾಡೋಣವೆಂದು ಬೀಡಿ ಹಚ್ಚಿದ. ಬೆಂಕಿ ಆರುವ ಹೊತ್ತಿಗೆ ಎಡಗಡೆಯ ಮೀಸೆ ಇರಲಿಲ್ಲ.

ಶನಿವಾರ ಬಂತು. ಯಶವಂತಪುರದಲ್ಲಿ ಮಿಲ್ಲಿಗೆ ಹಾಕುವ ತೆಳು ಎಣ್ಣೆ ಸಿಗುತ್ತಿತ್ತು, ಆದರೆ ಶನಿವಾರ ಎಣ್ಣೆ ಕೊಂಡರೆ ಶನಿ ಹೆಗಲೇರುತ್ತಾನೆ. ಮುನಿಶಾಮಪ್ಪನ ವಂಶದಲ್ಲಿ ಯಾರೂ ಆ ಕೆಲಸ ಮಾಡಿದವರಲ್ಲ. ಭಾನುವಾರ ಅಂಗಡಿ ಇಲ್ಲ. ಅವನು ಜಗಲಿಯ ಮೇಲೆ ಅರ್ಧ ಮೀಸೆ ಹೊತ್ತು ಕೂತ. ಒಳಗೆ ಸೊಣ್ಣಮ್ಮ ಅತ್ತೆಗೆ ಚಮಚದಲ್ಲಿ ಏನೋ ಕುಡಿಸುತ್ತಿದ್ದಳು. ನೀರಿನಂತೆ ತಿಳಿ, ವಾಸನೆಯಿಲ್ಲ. ಇವನು ಎದ್ದು ಹೋಗಿ ಎರಡು ಬೆರಳಲ್ಲಿ ಉಜ್ಜಿ ನೋಡಿದ.

"ಇದು ಎಣ್ಣೆ ಅಲ್ವೇನೇ?"

"ಎಣ್ಣೆ ಯಾಕಾದಾತು, ಔಸ್ತಿ. ಒಟ್ಟೆ ಕಟ್ಕೊಂಡ್ರೆ ಕುಡ್ಸೋದು."

ಔಷಧಿ ಕೊಳ್ಳಲು ಶನಿವಾರದ ಅಡ್ಡಿಯಿಲ್ಲ. ಮುನಿಶಾಮಪ್ಪ ಒಂದೇ ಉಸಿರಿಗೆ ಯಲಹಂಕದ ಔಷಧಿ ಅಂಗಡಿ ವೆಂಕಟರಾಮಯ್ಯನವರ ಮುಂದೆ ನಿಂತು ಹನ್ನೆರಡು ಸೀಸೆ ಕೇಳಿದ. ಅಂಗಡಿಯಲ್ಲಿ ಅವನೂರಿನ ಮುನಿನಾರಾಯಣಮ್ಮನೂ ಇದ್ದಳು. ಅವಳಿಗೆ ತಿಳಿದರೆ ಊರಿಗೆ ಡಂಗುರ ಬೇಕಿರಲಿಲ್ಲ.

"ಹನ್ನೆರಡಾ? ಯಾರಿಗಯ್ಯಾ?" ಎಂದರು ವೆಂಕಟರಾಮಯ್ಯ.

ಗರಗಸಕ್ಕೆ ಎಂದರೆ ಅದನ್ನು ಎಣ್ಣೆಯೆಂದು ಒಪ್ಪಿಕೊಂಡಂತೆ. ಶನಿಮಹಾತ್ಮನ ಕಿವಿ ಚುರುಕು.

"ನಂಗೇ ಸ್ವಾಮಿ."

"ಎಷ್ಟು ದಿನ ಆಯ್ತು?"

"ಬುದವಾರದಿಂದ ಒದ್ದಾಡ್ತಿವ್ನಿ."

"ಒಂದೊಂದೇ ಚಮಚ ತಗೋ. ಅವಸರ ಬೇಡ."

"ಅಂಗನ್ಬ್ಯಾಡಿ ಸ್ವಾಮಿ. ಸೋಮವಾರದೊಳ್ಗೆ ಆಗ್ಲೇಬೇಕು."

ಸಂಜೆಯೊಳಗೆ ಅವನ ಮನೆಗೆ ಮೂರು ಚಿಪ್ಪು ಬಾಳೆಹಣ್ಣು ಬಂದವು. ಹರೆಯದವರು ದಾರಿ ಬಿಟ್ಟು ನಿಂತರು.

ಭಾನುವಾರ ಹನ್ನೆರಡೂ ಸೀಸೆ ತೊಟ್ಟಿಗೆ ಹೋದವು. ತಟ್ಟೆ ತಿರುಗಿತು, ಕಲ್ಲು ಬೆಣ್ಣೆ ಕೊಯ್ದ ಹಾಗೆ ಎರಡು ಹೋಳಾಯಿತು. ಮುನಿಶಾಮಪ್ಪ ಶೆಡ್ಡಿನ ಬಾಗಿಲಲ್ಲಿ ಬಿಸಿಲಿಗೆ ಎದುರಾಗಿ ನಿಂತು ಗಾಳಿಯಲ್ಲಿ ಧೂಳು ಹುಡುಕಿದ. ಒಂದು ಕಣವೂ ಇರಲಿಲ್ಲ. ಮಾರನೆಯ ದಿನ ಮದ್ರಾಸಿನವರು ಬಂದು, ನೋಡಿ, ತಲೆಯಾಡಿಸಿ ಬರಿಗೈಯಲ್ಲಿ ವಾಪಸಾದರು. ಗರಗಸ ಯಲಹಂಕದಲ್ಲೇ ಉಳಿಯಿತು.

ಮುಂದೆ ತಿಂಗಳಿಗೆ ಹನ್ನೆರಡು ಸೀಸೆ ತಪ್ಪಲಿಲ್ಲ, ಊರವರ ಮರುಕವೂ ತಪ್ಪಲಿಲ್ಲ. ನಿಜ ಹೇಳಿದರೆ ಶನಿ ಹಳೆಯ ಲೆಕ್ಕ ತೆಗೆದಾನೆಂದು ಅವನು ಬಾಯಿ ಬಿಡಲಿಲ್ಲ. ಮುಂದಿನ ಯುಗಾದಿಗೆ ಕಾಯಿಹೋಳಿಗೆ ಮಾಡಿದ್ದರು. ಅವನು ಆರು ಹೋಳಿಗೆ ತಿಂದು, ಅನ್ನ ಸಾರು ಮುಗಿಸಿ, ಮಜ್ಜಿಗೆ ಕುಡಿದು ತಲೆಯೆತ್ತಿದರೆ ಎದುರಿಗೆ ಸೊಣ್ಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕೆ, ಸಾರು ಕಾರ ಆಯ್ತಾ?" ಎಂದ.

"ಒಂದ್ಸಲಾನೂ ಕೆಮ್ಮಲಿಲ್ಲ ನೀನು," ಎಂದಳು ಅವಳು, ಮತ್ತು ಏಳನೆಯ ಹೋಳಿಗೆ ಬಡಿಸಿದಳು.