ಯಾರೂ ಎರಡನೇ ಸಲ ನೋಡದ ನಡಿಗೆ

ಮೊನ್ನೆ ಮೈಸೂರಿನಿಂದ ಬಂದ ನಮ್ಮವಳೊಬ್ಬಳು ಮೊಬೈಲಿನಲ್ಲಿ ವೋಗಿಂಗ್ ಎಂಬ ಕುಣಿತ ತೋರಿಸಿದಳು. ನ್ಯೂಯಾರ್ಕಿನಲ್ಲಿ ಮನೆಯವರು ಹೊರಹಾಕಿದ ನಮ್ಮಂಥವರು, ಹೆಚ್ಚಿನವರು ಕಪ್ಪು ಜನ, ಒಟ್ಟಿಗೆ ಸೇರಿ ತಮ್ಮದೇ ಒಂದು ಮನೆ ಅಂತ ಮಾಡಿಕೊಂಡು, ಹಿರಿಯಳನ್ನು ಅಮ್ಮ ಅಂತ ಕರೆಯುತ್ತಿದ್ದರಂತೆ. ಬಗೆಬಗೆಯ ವೇಷದಲ್ಲಿ ಜನರೆದುರು ನಡೆದು ಪಂದ್ಯ ನಡೆಸುತ್ತಿದ್ದರಂತೆ. ಗೆದ್ದವರಿಗೆ ಟ್ರೋಫಿ. "ಎಷ್ಟು ಹೊಸದಾಗಿದೆ ನೋಡಕ್ಕ" ಅಂದಳು. ನನಗೆ ರೇಗಿತು. ಏನು ಮಹಾ ಹೊಸದು? ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಂಜನಗೂಡಿನ ಹೆಂಚಿನ ಮನೆಯಲ್ಲಿ ನಾವು ಮಾಡುತ್ತಿದ್ದದ್ದು ಮತ್ತೇನು?

ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟ ನಾವು ಐದಾರು ಜನ ಅಲ್ಲಿದ್ದೆವು. ನಮಗೆಲ್ಲ ಒಬ್ಬಳು ಅಮ್ಮ. ಹೆತ್ತವಳಲ್ಲ, ಸೇರಿಸಿಕೊಂಡವಳು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದವಳು, ಆ ಪಾತ್ರಗಳಿಗೆ ಹೆಂಗಸರೇ ಬಂದ ಮೇಲೆ ಬೀದಿಗೆ ಬಿದ್ದಿದ್ದಳು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ನಡಿಗೆಯ ಪಂದ್ಯ. ಒಂದು ದಿನ ಸ್ಕೂಲಿಗೆ ತಡವಾದ ಟೀಚರಮ್ಮ, ಇನ್ನೊಂದು ದಿನ ಕಪಿಲಾ ಹೊಳೆಯಿಂದ ಒದ್ದೆ ಬಟ್ಟೆ ಹೊತ್ತು ಬರುವವಳು. ಉಳಿದವರು ಗೋಡೆಗೊರಗಿ ಕೂತು ತಪ್ಪು ಹಿಡಿಯುವುದು. ಸೊಂಟ ಕುಣಿಸಿದರೆ ಅಮ್ಮ ಉರಿದು ಬೀಳುತ್ತಿದ್ದಳು.

"ಯಾವ ಹೆಂಗ್ಸು ಹಂಗೆ ನಡೀತಾಳೆ ಕಣೇ? ಸಾರಿಗೆ ಉಪ್ಪು ಹಾಕಿದ್ನಾ ಇಲ್ವಾ ಅನ್ನೋದು ತಲೇಲಿರ್ಬೇಕು. ಆಗ ಕಾಲು ತಾನಾಗೇ ನೆಟ್ಟಗೆ ಬೀಳ್ತದೆ."

ಯಾರೂ ಎರಡನೇ ಸಲ ನೋಡದ ಹಾಗೆ ನಡೆದವಳು ಗೆದ್ದಂತೆ. ಅವಳಿಗೆ ಒಂದು ಮೊಳ ಮಲ್ಲಿಗೆ. ನನಗೆ ಅದು ಒಂದು ಸಲವೂ ಸಿಕ್ಕಿರಲಿಲ್ಲ.

ಹೀಗಿರುವಾಗ ನರಸೀಪುರದ ಛತ್ರದಲ್ಲಿ ನನ್ನ ತಂಗಿಯ ಮದುವೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ನನ್ನನ್ನು ಮನೆಯಿಂದ ಓಡಿಸಿದ್ದರು. ಆಮೇಲೆ ಹೆತ್ತ ಅವ್ವನ ಮುಖ ಕಂಡಿರಲಿಲ್ಲ. ಹೋಗುತ್ತೇನೆ ಅಂತ ಹಟ ಹಿಡಿದೆ.

"ಗುರುತು ಸಿಕ್ಕಿದ್ರೆ ಆ ಮಗೀನ ಮದ್ವೆ ನಿಂತೋಯ್ತದೆ" ಅಂದಳು ಅಮ್ಮ. ಆಮೇಲೆ ಅವಳೇ ತಯಾರು ಮಾಡಿದಳು. ದಿನವೂ ಒಂದೇ ಪಾತ್ರ: ಮದುವೆಗೆ ಬಂದ ದೂರದ ನೆಂಟರ ಹೆಂಗಸು. ಕೂರುವುದು, ಎಲೆಯ ಮುಂದೆ ಸೆರಗು ಸರಿಮಾಡಿಕೊಳ್ಳುವುದು, ದನಿ ತಗ್ಗಿಸುವುದು. ನನಗೆ ಬೇಕಿದ್ದದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಯಾರಿಗೂ ಗೊತ್ತಾಗಬಾರದು, ಅವ್ವನಿಗೆ ಮಾತ್ರ ಗೊತ್ತಾಗಬೇಕು. ಗೊತ್ತಾಗಿ ಸುಮ್ಮನೆ ಒಂದು ಸಲ ನನ್ನನ್ನು ನೋಡಬೇಕು. ಅಷ್ಟೇ.

ಛತ್ರದಲ್ಲಿ ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯವಳು ಅಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವಳು ಅಂದುಕೊಂಡರು. ಸೋದರಮಾವನೇ ಪಕ್ಕದಲ್ಲಿ ಹಾದುಹೋದ, ತಿರುಗಿ ನೋಡಲಿಲ್ಲ. ಊಟ ಮುಗಿಸಿ ಹೊರಟವರಿಗೆ ಅವ್ವ ಬಾಗಿಲಲ್ಲಿ ಕುಂಕುಮ ಕೊಡುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನ ಸರದಿ ಬಂದಾಗ ಗಲ್ಲ ಹಿಡಿದು, ಹಣೆಗೆ ತಾನೇ ಕುಂಕುಮ ಇಟ್ಟಳು.

"ಗಂಡಿನ ಕಡೆಯೋರಾ? ಊಟ ಚೆನ್ನಾಗಿತ್ತೇನವ್ವ?"

"ಚೆನ್ನಾಗಿತ್ತು" ಅಂದೆ. ಹೊರಡದೆ ಕೇಳಿದೆ: "ನಿಮಗೆ ಮಕ್ಕಳೆಷ್ಟು ಜನ?"

"ಇವಳೊಬ್ಳೇ ಕಣವ್ವ. ಗಂಡುಮಕ್ಳಿಲ್ಲ."

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಗಂಡಿನ ಕಡೆಯವರಿಗೆಲ್ಲ ಹಾಗೇ ಹೇಳಿಕೊಂಡು ಬಂದಿದ್ದಳೇನೋ, ಬಾಯಿಗೆ ರೂಢಿಯಾಗಿತ್ತು. ನಾನು ಕಲಿತದ್ದಕ್ಕಿಂತ ಅವಳು ಕಲಿತದ್ದೇ ಪಕ್ಕಾ. ನನ್ನ ಕೈಗೆ ತಾಂಬೂಲ ಕೊಟ್ಟು ಹಿಂದಿದ್ದವಳ ಕಡೆ ತಿರುಗಿದಳು.

ಸಂಜೆ ಮನೆಗೆ ಬಂದಾಗ ಎಲ್ಲರೂ ಬಾಗಿಲಲ್ಲೇ ಕಾದಿದ್ದರು.

"ಯಾರಾದ್ರೂ ಎರಡ್ನೇ ಸಲ ನೋಡಿದ್ರೇನೇ?"

"ಯಾರೂ ನೋಡಲಿಲ್ಲ ಅಮ್ಮ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ನನ್ನ ಮುಡಿಗೆ ಮಲ್ಲಿಗೆ ಮುಡಿಸಿದಳು. ಬಚ್ಚಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ಕೆಲವು ವರ್ಷದ ಮೇಲೆ ಅವ್ವ ತೀರಿಹೋದಳು. ಸುದ್ದಿ ಹೊತ್ತಿಗೆ ಸರಿಯಾಗಿಯೇ ತಲುಪಿತು, ನರಸೀಪುರಕ್ಕೆ ಬಸ್ಸೂ ಇತ್ತು. ಸೀರೆ ಉಟ್ಟು ಪಡಸಾಲೆಯಲ್ಲಿ ನಿಂತೆ. ಯಾರಾಗಿ ಹೋಗಬೇಕು ಅಂತ ಗೊತ್ತಾಗಲಿಲ್ಲ. ಕೂತುಬಿಟ್ಟೆ.